ಹತ್ತಿಗೆ ಕೊಡುವ ಮೆಗ್ನೀಷಿಯಂ ಮನುಷ್ಯರಿಗೇಕೆ ಬೇಡ?

ಹಾವೇರಿ, ಧಾರವಾಡ, ರಾಯಚೂರು ಕಡೆ ಹತ್ತಿ ಬೆಳೆಯುವವರನ್ನು ಕೇಳಿ ನೋಡಿ. ಬಿಟಿ ಹತ್ತಿ ಕಾಯಿ ಕಟ್ಟುವ ಹೊತ್ತಿಗೆ ಎಲೆ ಕೆಂಪಗಾಗತೊಡಗಿದರೆ ಏನು ಮಾಡಬೇಕು ಅನ್ನುವುದು ಅವರಿಗೆ ಬಾಯಿಪಾಠ. ಲೀಟರ್ ನೀರಿಗೆ 10 ಗ್ರಾಂ ಮೆಗ್ನೀಷಿಯಂ ಸಲ್ಫೇಟ್ ಕರಗಿಸಿ ಎಲೆಗೆ ಹೊಡೆಯಬೇಕು. ಕೃಷಿ ವಿಶ್ವವಿದ್ಯಾಲಯದವರು ಹೇಳಿದ್ದಾರೆ, ಗೊಬ್ಬರದಂಗಡಿಯವರು ಚೀಲ ಇಟ್ಟಿದ್ದಾರೆ, ಪಕ್ಕದ ಹೊಲದವರು ಹೊಡೆದು ನೋಡಿದ್ದಾರೆ. ಎಲೆಯ ಹಸಿರಿನ ನಟ್ಟನಡುವೆ ಇರುವುದೇ ಮೆಗ್ನೀಷಿಯಂ, ಅದಿಲ್ಲದಿದ್ದರೆ ಹಸಿರು ನಿಲ್ಲದು ಎಂದು ಕೃಷಿ ಮೇಳದ ಮಳಿಗೆಯಲ್ಲಿ ಚಿತ್ರ ಬರೆದು ತೋರಿಸುತ್ತಾರೆ.

ಸಂಜೆ ಅದೇ ರೈತರು ಮನೆಗೆ ಬರುತ್ತಾರೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ ಕ್ಯಾನಿನ ನೀರು ಕುಡಿಯುತ್ತಾರೆ, ನ್ಯಾಯಬೆಲೆ ಅಂಗಡಿಯ ಪಾಲಿಶ್ ಅಕ್ಕಿಯ ಅನ್ನ ಉಣ್ಣುತ್ತಾರೆ. ಆ ನೀರಿನಿಂದ ಮೆಗ್ನೀಷಿಯಂ ತೆಗೆಯಲಾಗಿದೆ, ಆ ಅಕ್ಕಿಯಿಂದಲೂ ತೆಗೆಯಲಾಗಿದೆ. ಎರಡೂ ಕೆಲಸ ಸರ್ಕಾರದ ದುಡ್ಡಿನಲ್ಲೇ ನಡೆದಿದೆ. ಯಾವ ಬೋರ್ಡಿನಲ್ಲೂ ಅದನ್ನು ಬರೆದಿಲ್ಲ.

ಶುದ್ಧ ನೀರು ಬೇಡ, ಅಕ್ಕಿ ಬೇಡ ಎನ್ನುವವರು ನಾವಲ್ಲ. ಪಾವಗಡದಲ್ಲಿ, ಮುಂಡರಗಿಯಲ್ಲಿ, ಬಾಗೇಪಲ್ಲಿಯಲ್ಲಿ ಫ್ಲೋರೈಡ್ ನೀರು ಕುಡಿದು ಹಲ್ಲು ಕಂದಿದ ಮಕ್ಕಳನ್ನೂ ಬೆನ್ನು ಬಾಗಿದ ಹಿರಿಯರನ್ನೂ ಕಂಡವರು ಯಾರೂ ಹಾಗೆ ಹೇಳಲಾರರು. ಹಸಿದ ಮನೆಗೆ ಅಕ್ಕಿ ಕೊಟ್ಟ ಯೋಜನೆಯನ್ನು ಪೇಟೆಯಲ್ಲಿ ಕೂತು ಗೇಲಿ ಮಾಡುವವರ ಸಾಲಿನಲ್ಲೂ ನಾವಿಲ್ಲ. ನಮ್ಮ ತಕರಾರು ಇಷ್ಟೇ: ಈ ಖನಿಜ ನಮ್ಮ ಒಳಗೆ ಬರುತ್ತಿದ್ದ ಬಾಗಿಲು ಎರಡು, ಒಂದು ಊಟ, ಇನ್ನೊಂದು ನೀರು. ಒಂದೇ ಕಾಲದಲ್ಲಿ ಎರಡನ್ನೂ ಮುಚ್ಚಿ, ಮುಚ್ಚಿದ್ದೇವೆ ಅನ್ನುವ ಮಾತನ್ನೂ ಜನರಿಗೆ ಹೇಳದಿರುವುದು ತಪ್ಪು. ಸರಿಪಡಿಸಲು ಹೊಸ ಯಂತ್ರವೇನೂ ಬೇಕಾಗಿಲ್ಲ. ಅದಕ್ಕೇ ಸಿಟ್ಟು.

ಮೊದಲು ಮೆಗ್ನೀಷಿಯಂ ಯಾಕೆ ಬೇಕು ಎಂಬುದು. ದೊಡ್ಡವರ ಮೈಯಲ್ಲಿ ಇದು ಸುಮಾರು 25 ಗ್ರಾಂ ಇರುತ್ತದೆ, ಅರ್ಧಕ್ಕಿಂತ ಹೆಚ್ಚು ಮೂಳೆಯಲ್ಲಿ. ಉಂಡದ್ದು ಶಕ್ತಿಯಾಗುವುದಕ್ಕೆ, ಸ್ನಾಯು ಬಿಗಿದು ಸಡಿಲವಾಗುವುದಕ್ಕೆ, ಎದೆಬಡಿತ ತಾಳ ತಪ್ಪದಿರುವುದಕ್ಕೆ, ಮೈಯೊಳಗೆ ನಡೆಯುವ 300ಕ್ಕೂ ಹೆಚ್ಚು ಬಗೆಯ ರಾಸಾಯನಿಕ ಕೆಲಸಗಳಿಗೆ ಇದು ಬೇಕು. ದಿನಕ್ಕೆ ಎಷ್ಟು ಬೇಕು ಎಂಬುದರಲ್ಲಿ ದೇಶದಿಂದ ದೇಶಕ್ಕೆ ವ್ಯತ್ಯಾಸವಿದೆ. ವಯಸ್ಕರಿಗೆ 300ರಿಂದ 440 ಮಿಲಿಗ್ರಾಂ ಎಂದು ಹಿಡಿದರೆ ಸಾಕು. ತೀರಾ ಕಡಿಮೆಯಾದರೆ ಸುಸ್ತು, ಕಾಲಿನ ಸೆಳೆತ, ಕೈಕಾಲು ಜೋಮು, ಎದೆಬಡಿತದ ಏರುಪೇರು ಕಾಣಿಸಬಹುದು. ಸ್ವಲ್ಪ ಸ್ವಲ್ಪವೇ ಕಡಿಮೆಯಾದರೆ ಏನೂ ಕಾಣಿಸದೆಯೂ ಇರಬಹುದು. ರಕ್ತದ ದ್ರವದಲ್ಲಿ ಇರುವುದು ಒಟ್ಟಿನ ನೂರಕ್ಕೆ ಒಂದು ಪಾಲಿಗಿಂತ ಕಡಿಮೆ. ಅಲ್ಲಿ ತಗ್ಗಿದರೆ ಮೈ ಮೂಳೆಯಿಂದ ತೆಗೆದು ತುಂಬುತ್ತದೆ. ಹಾಗಾಗಿ ರಕ್ತ ಪರೀಕ್ಷೆಯ ಚೀಟಿಯಲ್ಲಿ 'ನಾರ್ಮಲ್' ಎಂದು ಬಂದರೂ ಒಳಗಿನ ದಾಸ್ತಾನು ಕರಗಿರಬಹುದು. ಸಕ್ಕರೆ ಕಾಯಿಲೆಯವರು, ಬಿಪಿಗೆಂದು ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರು, ವರ್ಷಗಟ್ಟಲೆ ಗ್ಯಾಸ್ಟ್ರಿಕ್ ಮಾತ್ರೆ ಬಿಡದವರು, ದಿನಾ ಕುಡಿಯುವವರು, ಇವರಿಗೆಲ್ಲ ಕೊರತೆಯ ಅಪಾಯ ಹೆಚ್ಚು. ಇಂದಿನ ಯಾವುದೇ ಹಳ್ಳಿಯಲ್ಲಿ ಈ ನಾಲ್ಕು ಗುಂಪನ್ನು ಬಿಟ್ಟರೆ ಎಷ್ಟು ಜನ ಉಳಿಯುತ್ತಾರೆ, ಲೆಕ್ಕ ಹಾಕಿ.

ಈಗ ಊಟದ ಲೆಕ್ಕ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 146 ಮಿಲಿಗ್ರಾಂ ಮೆಗ್ನೀಷಿಯಂ ಇದೆ. ಜೋಳದಲ್ಲಿ 133. ಹುರುಳಿಯಲ್ಲಿ 150ರ ಆಸುಪಾಸು. ಪಾಲಿಶ್ ಮಾಡಿದ ಅಕ್ಕಿಯಲ್ಲಿ? 19. ಅದೇ ಅಕ್ಕಿಯ ತೌಡು ತೆಗೆಯದಿದ್ದರೆ 90 ದಾಟುತ್ತದೆ. ಅಂದರೆ ಮಿಲ್ಲಿನವರು ಅಕ್ಕಿಯನ್ನು ಬೆಳ್ಳಗೆ ಮಾಡುವಾಗ ಐದರಲ್ಲಿ ನಾಲ್ಕು ಪಾಲು ಮೆಗ್ನೀಷಿಯಂ ತೌಡಿನ ಚೀಲ ಸೇರುತ್ತದೆ. ಆ ಚೀಲ ದನದ ಕೊಟ್ಟಿಗೆಗೆ ಹೋಗುತ್ತದೆ, ಇಲ್ಲವೇ ಎಣ್ಣೆ ತೆಗೆಯುವ ಕಾರ್ಖಾನೆಗೆ. ನಮ್ಮ ಹಸುಗಳು ನಮಗಿಂತ ಚೆನ್ನಾಗಿ ಉಣ್ಣುತ್ತಿವೆ ಎಂದರೆ ತಮಾಷೆಯಲ್ಲ.

ಮೈಮುರಿದು ದುಡಿಯುವ ಒಬ್ಬರು ದಿನಕ್ಕೆ 400 ಗ್ರಾಂ ಧಾನ್ಯ ಉಣ್ಣುತ್ತಾರೆಂದು ಇಟ್ಟುಕೊಳ್ಳಿ. ಅರ್ಧ ರಾಗಿ, ಅರ್ಧ ಅಕ್ಕಿಯಾದರೆ ಧಾನ್ಯದಿಂದಲೇ 330 ಮಿಲಿಗ್ರಾಂ ಸಿಗುತ್ತದೆ. ಪೂರ್ತಿ ಪಾಲಿಶ್ ಅಕ್ಕಿಯಾದರೆ 80 ಕೂಡ ತುಂಬುವುದಿಲ್ಲ. ಬೇಳೆ, ಸೊಪ್ಪು, ಕಡಲೆಕಾಯಿ ಇದಕ್ಕೆ ಸೇರಿಸಿದಷ್ಟು ಸೇರುತ್ತದೆ, ನಿಜ. ಆದರೆ ಅಕ್ಕಿ ಪುಕ್ಕಟೆ, ಬೇಳೆ ಕೊಳ್ಳಬೇಕು. ಕೂಲಿ ಸಿಗದ ವಾರದಲ್ಲಿ ತಟ್ಟೆಯಿಂದ ಮೊದಲು ಮಾಯವಾಗುವುದು ಯಾವುದೆಂದು ಹೇಳಬೇಕೇ? ರಾಗಿಯಲ್ಲಿ ಇರುವುದೆಲ್ಲ ಮೈಗೆ ಹತ್ತುವುದಿಲ್ಲ ಎಂದು ಓದಿಕೊಂಡವರು ಹೇಳುತ್ತಾರೆ. ಅದೂ ಸರಿ. ಯಾವ ಆಹಾರದಿಂದಲೂ ಮೈ ಹೀರಿಕೊಳ್ಳುವುದು ಮೂರರಲ್ಲಿ ಒಂದು ಪಾಲಿನಷ್ಟೇ, ಸಿಪ್ಪೆಯ ಫೈಟೇಟ್ ಒಂದಿಷ್ಟನ್ನು ಹಿಡಿದಿಡುತ್ತದೆ. ಮೊಳಕೆ ಕಟ್ಟಿ ಹಿಟ್ಟು ಮಾಡಿದರೆ, ಅಂಬಲಿ ಹುಳಿ ಬರಿಸಿದರೆ ಆ ಹಿಡಿತ ಸಡಿಲವಾಗುತ್ತದೆ. ಇದನ್ನು ನಮ್ಮ ಅಜ್ಜಿಯಂದಿರು ಫೈಟೇಟಿನ ಹೆಸರು ಕೇಳದೆಯೇ ಮಾಡುತ್ತಿದ್ದರು. ಅಷ್ಟಕ್ಕೂ 330ರ ಮೂರನೇ ಒಂದು ಪಾಲು 80ರ ಮೂರನೇ ಒಂದು ಪಾಲಿಗಿಂತ ದೊಡ್ಡದು ಎನ್ನಲು ಪೋಷಣಾ ತಜ್ಞರು ಬೇಕಾಗಿಲ್ಲ.

2013ರಲ್ಲಿ ಅನ್ನಭಾಗ್ಯ ಬಂತು. ಅದೇ ವರ್ಷ ಕೇಂದ್ರದ ಆಹಾರ ಭದ್ರತಾ ಕಾಯ್ದೆಯೂ ಬಂತು. ಅಂದಿನಿಂದ ನಡೆದ ಜಗಳವೆಲ್ಲ ಕಿಲೋ ಲೆಕ್ಕದ್ದು: ಐದೋ, ಏಳೋ, ಹತ್ತೋ, ಅಕ್ಕಿಯೋ, ಅಕ್ಕಿಯ ಬದಲು ದುಡ್ಡೋ. ಹಳೆ ಮೈಸೂರು ಕಡೆ ರಾಗಿ, ಉತ್ತರದಲ್ಲಿ ಜೋಳ ಕೊಡುವ ಪದ್ಧತಿ ಇದೆ, ಆದರೆ ಅದು ಪಡಿತರದ ಬೆನ್ನೆಲುಬಾಗಲಿಲ್ಲ, ದಾಸ್ತಾನಿದ್ದಾಗ ಕೊಡುವ ಪಾಲಾಗಿಯೇ ಉಳಿಯಿತು. ಅಂಗಡಿ ಮುಂದೆ ಕಿವಿಗೆ ಬೀಳುವ ಮಾತು "ಈ ತಿಂಗ್ಳು ರಾಗಿ ಐತಾ, ಇಲ್ವಾ?" ಎಂಬುದೇ. ಇನ್ನು ಇತ್ತೀಚಿನ ವರ್ಷಗಳಲ್ಲಿ ಬಂದದ್ದು ಸಾರವರ್ಧಿತ ಅಕ್ಕಿ. ಅದಕ್ಕೆ ಸೇರಿಸುವುದು ಮೂರು: ಕಬ್ಬಿಣ, ಫೋಲಿಕ್ ಆಮ್ಲ, ಬಿ12. ಕಾಳಿನ ಮೇಲಿದ್ದ ಹತ್ತಾರು ಪೋಷಕಾಂಶಗಳನ್ನು ಉಜ್ಜಿ ತೆಗೆದು, ಅದರಲ್ಲಿ ಎರಡು ಮೂರನ್ನು ಕಾರ್ಖಾನೆಯಿಂದ ತಂದು ಬೆರೆಸಿ, ಅದಕ್ಕೆ ಸಾರವರ್ಧನೆ ಎಂದು ಹೆಸರಿಟ್ಟವರ ಧೈರ್ಯ ಮೆಚ್ಚಬೇಕು. ಮೆಗ್ನೀಷಿಯಂ ಆ ಪಟ್ಟಿಯಲ್ಲಿಲ್ಲ.

ಇದೇ ರಾಜ್ಯದಲ್ಲಿ, ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಆಫ್ರಿಕಾದ ರಾಗಿಯನ್ನೂ ನಮ್ಮ ರಾಗಿಯನ್ನೂ ಕೂಡಿಸಿ 'ಇಂಡಾಫ್' ತಳಿಗಳನ್ನು ಕೊಟ್ಟರು. ಬಡವರ ಕಾಳಿಗೆ ಒಬ್ಬ ಮನುಷ್ಯ ಬದುಕನ್ನೇ ಎತ್ತಿಟ್ಟ ನೆಲ ಇದು. ಇಂದು ಬೆಂಬಲ ಬೆಲೆಗೆ ರಾಗಿ ಮಾರಲು ರೈತರು ನೋಂದಣಿಯ ಸಾಲಿನಲ್ಲಿ ನಿಲ್ಲುತ್ತಾರೆ, ಮಾರಲಾಗದವರು ದಲ್ಲಾಳಿಗೆ ಸುರಿಯುತ್ತಾರೆ. ಬೆಂಗಳೂರಿನ ಮಾಲ್‌ಗಳಲ್ಲಿ ಅದೇ ರಾಗಿ ಬಿಸ್ಕತ್ತಾಗಿ, ದೋಸೆ ಮಿಕ್ಸ್ ಆಗಿ ಹಲವು ಪಟ್ಟು ಬೆಲೆಗೆ ಕೂತಿದೆ. 2024ರಿಂದ ಶಾಲಾ ಮಕ್ಕಳಿಗೆ ವಾರಕ್ಕೆ ಮೂರು ದಿನ ಹಾಲಿನ ಜೊತೆ ರಾಗಿ ಮಾಲ್ಟ್ ಕೊಡುತ್ತಿದ್ದಾರೆ, ಒಳ್ಳೆಯ ಕೆಲಸ. ಮಗುವಿಗೆ ಒಳ್ಳೆಯದಾದದ್ದು ಮಗುವಿನ ಅವ್ವನಿಗೆ ಪಡಿತರದಲ್ಲಿ ಪ್ರತಿ ತಿಂಗಳೂ ಖಾತರಿಯಾಗಿ ಯಾಕೆ ಸಿಗಬಾರದು?

ಊಟದ ಮಾತು ಹಲವರು ಆಡಿದ್ದಾರೆ. ನೀರಿನ ಮಾತು ಆಡುವವರು ಕಡಿಮೆ, ಅದಕ್ಕೇ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇವೆ.

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗದ ಕಲ್ಲುನೆಲದಲ್ಲಿ ಕೆರೆ ಬತ್ತಿ, ಬಾವಿ ಬತ್ತಿ, ಬೋರು ಸಾವಿರ ಅಡಿ ದಾಟಿದ ಕಥೆ ಎಲ್ಲರಿಗೂ ಗೊತ್ತು. ಆಳಕ್ಕೆ ಹೋದಷ್ಟೂ ನೀರು ಬಂಡೆಯ ಜೊತೆ ಹೆಚ್ಚು ಕಾಲ ಕಳೆದಿರುತ್ತದೆ, ಬಂಡೆಯಲ್ಲಿರುವುದು ನೀರಿಗೆ ಇಳಿಯುತ್ತದೆ. ಅದರಲ್ಲಿ ಫ್ಲೋರೈಡ್ ಎಂಬ ಕೇಡೂ ಇದೆ, ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ ಎಂಬ ಒಳಿತೂ ಇದೆ. ನಾವು ಗಡುಸು ನೀರು, ಸವಳು ನೀರು ಎನ್ನುವುದರಲ್ಲಿ ಆ ಗಡಸುತನ ಕೊಡುವುದು ಈ ಎರಡು ಖನಿಜಗಳೇ. ಸರ್ಕಾರ ಹಳ್ಳಿ ಹಳ್ಳಿಗೆ ಶುದ್ಧ ನೀರಿನ ಘಟಕ ಕೊಟ್ಟಾಗ ಬಹುತೇಕ ಕಡೆ ಬಂದದ್ದು ಆರ್‌ಒ ಯಂತ್ರ. ಕಾಯಿನ್ ಹಾಕಿದರೆ 20 ಲೀಟರ್ ಕ್ಯಾನ್ ತುಂಬುತ್ತದೆ. ಆರ್‌ಒ ಪೊರೆಗೆ ಒಳ್ಳೆಯದು ಕೆಟ್ಟದ್ದು ಎಂಬ ಭೇದವಿಲ್ಲ. ಫ್ಲೋರೈಡಿನ ಜೊತೆ ಮೆಗ್ನೀಷಿಯಮನ್ನೂ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ತಡೆದು ಆಚೆಯ ಪೈಪಿಗೆ ದೂಡುತ್ತದೆ.

ಬೋರಿನ ನೀರಿನಲ್ಲಿ ಲೀಟರಿಗೆ 48 ಮಿಲಿಗ್ರಾಂ ಮೆಗ್ನೀಷಿಯಂ ಇದೆ ಎಂದು ಹಿಡಿಯಿರಿ, ನಮ್ಮ ಒಣನಾಡಿನಲ್ಲಿ ಇದೇನೂ ಅಪರೂಪವಲ್ಲ. ದಿನಕ್ಕೆ ಮೂರು ಲೀಟರ್ ಕುಡಿದರೆ 144 ಮಿಲಿಗ್ರಾಂ, ಅಂದರೆ ದಿನದ ಅಗತ್ಯದ ಮೂರನೇ ಒಂದು ಪಾಲು ಸುಮ್ಮನೆ ನೀರಿನಿಂದಲೇ. ಬೇಸಿಗೆಯಲ್ಲಿ ಕಳೆ ತೆಗೆಯುವವರು ಕುಡಿಯುವ ಐದು ಲೀಟರಿನಲ್ಲಿ ಇನ್ನೂ ಹೆಚ್ಚು. ಅದೇ ನೀರು ಆರ್‌ಒ ದಾಟಿ ಬಂದಾಗ ಲೀಟರಿಗೆ ಎರಡು ಮೂರು ಮಿಲಿಗ್ರಾಂ ಉಳಿದರೆ ಹೆಚ್ಚು. ಬೆವರಿನಲ್ಲಿ ಹೋಗುವುದಂತೂ ನಿಲ್ಲುವುದಿಲ್ಲ. ಹಿಂದಿನ ಊಟದ ಲೆಕ್ಕಕ್ಕೆ ಇದನ್ನು ಕೂಡಿಸಿ: ರಾಗಿ ಉಂಡು ಬೋರಿನ ನೀರು ಕುಡಿದವರಿಗೆ ಧಾನ್ಯ ಮತ್ತು ನೀರಿನಿಂದ 470 ದಾಟುತ್ತಿತ್ತು, ಅನ್ನ ಉಂಡು ಕ್ಯಾನ್ ನೀರು ಕುಡಿದವರಿಗೆ 90ರ ಹತ್ತಿರ. ಐದು ಪಟ್ಟು ವ್ಯತ್ಯಾಸ, ಒಂದೇ ತಲೆಮಾರಿನಲ್ಲಿ.

ಘಟಕದಲ್ಲಿ ನಿಂತು ಕೇಳಿದರೆ ಸಿಗುವ ಉತ್ತರ ಒಂದೇ: "ಟಿಡಿಎಸ್ ಮೂವತ್ತಕ್ಕೆ ಇಳ್ಸಿದೀವಿ ಸಾರ್, ಸೂಪರ್ ನೀರು." ಜೇಬಿನಿಂದ ಪೆನ್ನಿನಂಥ ಮೀಟರ್ ತೆಗೆದು ಲೋಟಕ್ಕೆ ಅದ್ದಿ ತೋರಿಸುತ್ತಾರೆ. ಆ ಹುಡುಗನ ಮೇಲೆ ನಮಗೆ ಸಿಟ್ಟಿಲ್ಲ, ಅವನಿಗೆ ಕಲಿಸಿದ್ದೇ ಅಷ್ಟು. ಆದರೆ ಆ ಪೆನ್ನು ಅಳೆಯುವುದು ನೀರಿನಲ್ಲಿ ಕರೆಂಟ್ ಎಷ್ಟು ಹರಿಯುತ್ತದೆ ಎಂಬುದನ್ನು. ಅದರಿಂದ ಕರಗಿದ ಲವಣದ ಒಟ್ಟು ಅಂದಾಜು ಸಿಗುತ್ತದೆ. ಯಾವ ಲವಣ ಎಂದು ಅದು ಹೇಳದು. ಟಿಡಿಎಸ್ 300 ಇರುವ ನೀರಿನಲ್ಲಿ ಫ್ಲೋರೈಡ್ 3 ಇರಬಹುದು, 800 ಇರುವ ನೀರಿನಲ್ಲಿ ಅರ್ಧವೂ ಇಲ್ಲದಿರಬಹುದು. ವಾಂತಿಭೇದಿ ತರುವ ರೋಗಾಣು ಇದ್ದರೆ ಪೆನ್ನಿಗೆ ಗೊತ್ತೇ ಆಗುವುದಿಲ್ಲ. ಹೀಗಿದ್ದೂ ಟಿಡಿಎಸ್ ಕಡಿಮೆಯಾದಷ್ಟೂ ನೀರು ಶುದ್ಧ ಎಂಬ ನಂಬಿಕೆ ಊರೂರಲ್ಲಿ ಬೇರುಬಿಟ್ಟಿದೆ.

ಆ ನಂಬಿಕೆ ಹುಟ್ಟಿಸಿದವರು ಫಿಲ್ಟರ್ ಮಾರುವವರು. ಮನೆಬಾಗಿಲಿಗೆ ಬಂದು ಎರಡು ಲೋಟ ಇಡುತ್ತಾರೆ, ಒಂದರಲ್ಲಿ ನಲ್ಲಿ ನೀರು, ಇನ್ನೊಂದರಲ್ಲಿ ಅವರ ಯಂತ್ರದ ನೀರು. ಎರಡಕ್ಕೂ ಕಂಬಿ ಇಳಿಬಿಟ್ಟು ಕರೆಂಟ್ ಕೊಡುತ್ತಾರೆ. ನಲ್ಲಿ ನೀರು ನೋಡನೋಡುತ್ತಿದ್ದಂತೆ ಕೆಂಪು ಕೆಸರಾಗುತ್ತದೆ. "ಅಕ್ಕಾ, ಇಷ್ಟು ದಿನ ನೀವು ಕುಡೀತಿದ್ದುದು ಇದನ್ನ!" ಮಕ್ಕಳಿರುವ ಮನೆಯವರು ಹೌಹಾರದೆ ಇರುತ್ತಾರೆಯೇ? ನಿಜ ಏನೆಂದರೆ ಆ ಕೆಸರು ನೀರಿನಲ್ಲಿ ಇದ್ದದ್ದಲ್ಲ, ಕಂಬಿಯ ಕಬ್ಬಿಣವೇ ಕರಗಿ ತುಕ್ಕಾದದ್ದು. ಲವಣ ಇರುವ ನೀರಿನಲ್ಲಿ ಕರೆಂಟ್ ಹರಿಯುತ್ತದೆ, ಕಂಬಿ ಕರಗುತ್ತದೆ. ಲವಣವಿಲ್ಲದ ನೀರಿನಲ್ಲಿ ಹರಿಯದು, ಅಷ್ಟೇ. ಅವರ ಯಂತ್ರದ ನೀರಿಗೆ ಚಿಟಿಕೆ ಉಪ್ಪು ಹಾಕಿ ಇನ್ನೊಮ್ಮೆ ತೋರಿಸಿ ಎನ್ನಿ. ಪೆಟ್ಟಿಗೆ ಮುಚ್ಚಿಕೊಂಡು ಹೊರಡುತ್ತಾರೆ.

ಕಾನೂನು ಏನು ಹೇಳುತ್ತದೆ? ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500, 2012ರದ್ದು, ಮೆಗ್ನೀಷಿಯಂ ಲೀಟರಿಗೆ 30 ಮಿಲಿಗ್ರಾಂ ಮೀರದಿರಲಿ, ಬೇರೆ ಮೂಲವೇ ಇಲ್ಲದಿದ್ದರೆ 100ರವರೆಗೆ ನಡೆಯುತ್ತದೆ ಎನ್ನುತ್ತದೆ. ಎಷ್ಟಕ್ಕಿಂತ ಕಡಿಮೆ ಇರಬಾರದು ಎಂದು ಹೇಳುವುದಿಲ್ಲ. ಸೊನ್ನೆ ಇದ್ದರೂ ಆ ಮಾನಕದ ಕಣ್ಣಿಗೆ ಒಳ್ಳೆಯ ನೀರೇ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ತಂದ, ನೀರಿನ ಪೋಷಕಾಂಶ ಕುರಿತ ಸಂಪುಟದಲ್ಲಿ ಜೆಕ್ ದೇಶದ ತಜ್ಞ ಫ್ರಾಂಟಿಶೆಕ್ ಕೊಝಿಶೆಕ್ ಅವರು ಲೀಟರಿಗೆ ಕನಿಷ್ಠ 10 ಮಿಲಿಗ್ರಾಂ ಮೆಗ್ನೀಷಿಯಂ ಇರಲಿ, 20ರಿಂದ 30 ಇದ್ದರೆ ಉತ್ತಮ ಎಂದು ಬರೆದರು. 2019ರ ಮೇ ತಿಂಗಳಲ್ಲಿ ನಮ್ಮ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಟಿಡಿಎಸ್ 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಒ ನಿಷೇಧಿಸಿ, ಖನಿಜ ಕಳೆದ ನೀರಿನ ತೊಂದರೆಯನ್ನು ಜನರಿಗೆ ತಿಳಿಸಿ ಎಂದು ಸರ್ಕಾರಕ್ಕೆ ಹೇಳಿತು. ಬೆಂಗಳೂರಿನಲ್ಲಿ ಕಾವೇರಿ ನೀರು ಬರುವ ಅಡುಗೆಮನೆಗಳಲ್ಲೇ ಎಷ್ಟು ಆರ್‌ಒ ನೇತಾಡುತ್ತಿವೆ ನೋಡಿ, ಆ ಮಾತು ಎಷ್ಟು ದೂರ ಹೋಯಿತೆಂದು ಗೊತ್ತಾಗುತ್ತದೆ.

ಇದು ನಮ್ಮೂರಿನ ಹೊಸ ಭ್ರಮೆಯಲ್ಲ. 1957ರಲ್ಲೇ ಜಪಾನಿನ ಜುನ್ ಕೊಬಯಾಶಿ ಅವರು ನದಿ ನೀರಿನ ಗುಣಕ್ಕೂ ಪಾರ್ಶ್ವವಾಯುವಿನ ಸಾವಿಗೂ ಸಂಬಂಧ ಕಾಣುತ್ತಿದೆ ಎಂದರು. ಅಲ್ಲಿಂದ ಮುಂದೆ ಎಷ್ಟೋ ದೇಶಗಳಲ್ಲಿ ಗಡುಸು ನೀರಿನ ಊರು, ಮೆದು ನೀರಿನ ಊರು ಎಂದು ಹೋಲಿಸಿ ನೋಡಿದ್ದಾರೆ. ಮೆಗ್ನೀಷಿಯಂ ಇರುವ ನೀರು ಕುಡಿಯುವ ಕಡೆ ಹೃದ್ರೋಗದ ಸಾವು ಕಡಿಮೆ ಎಂದು ಹಲವು ಅಧ್ಯಯನಗಳಲ್ಲಿ ಕಂಡಿದೆ; ಕೆಲವುಗಳಲ್ಲಿ ಕಂಡಿಲ್ಲ. ಕಾರಣ ಇದೇ ಎಂದು ಕಡ್ಡಿ ಮುರಿದಂತೆ ಸಾಬೀತಾಗಿಲ್ಲ, ಹಾಗೆಂದು ನಾವು ಹೆದರಿಸಲೂ ಹೊರಟಿಲ್ಲ. ಇಸ್ರೇಲ್ 2005ರಲ್ಲಿ ಅಶ್ಕೆಲಾನ್ ಸ್ಥಾವರ ತೆರೆದಂದಿನಿಂದ ಸಮುದ್ರದ ನೀರನ್ನು ದೊಡ್ಡ ಪ್ರಮಾಣದಲ್ಲಿ ಆರ್‌ಒ ಮಾಡಿ ಕುಡಿಯುತ್ತಿದೆ. ಅಲ್ಲಿ ಕ್ಯಾಲ್ಸಿಯಂ ಮರಳಿ ಸೇರಿಸುತ್ತಾರೆ. ಮೆಗ್ನೀಷಿಯಂ ಸೇರಿಸಬೇಕೆಂದು ವೈದ್ಯರು ವರ್ಷಗಟ್ಟಲೆ ವಾದಿಸಿದ್ದಾರೆ, ಖರ್ಚಿನ ಮಾತು ಅಡ್ಡ ಬರುತ್ತಲೇ ಇದೆ. ಅಲ್ಲಿ ಕಡೇಪಕ್ಷ ಆ ಜಗಳ ಬಹಿರಂಗವಾಗಿ ನಡೆದಿದೆ. ನಮ್ಮಲ್ಲಿ ಸಾವಿರಾರು ಹಳ್ಳಿಗಳ ನೀರಿನಿಂದ ಖನಿಜ ಹೋಯಿತು, ಒಂದು ಗ್ರಾಮಸಭೆಯಲ್ಲೂ ಪ್ರಶ್ನೆ ಬಂದದ್ದನ್ನು ನಾವು ಕೇಳಿಲ್ಲ.

ಈ ಮಾತು ಆಡಿದಾಗಲೆಲ್ಲ ಮೂರು ಆಕ್ಷೇಪ ಎದುರಾಗುತ್ತವೆ. ಒಂದು ಅಡುಗೆಮನೆಯದು: "ಬೋರ್ ನೀರಲ್ಲಿ ಬೇಳೆ ಬೇಯಲ್ಲ ಕಣ್ರೋ, ನೀವು ಬಂದು ಬೇಯ್ಸಿ." ಇದು ನೂರಕ್ಕೆ ನೂರು ಸತ್ಯ. ಕ್ಯಾಲ್ಸಿಯಂ, ಮೆಗ್ನೀಷಿಯಂ ಬೇಳೆಯ ಪೆಕ್ಟಿನ್ ಜೊತೆ ಸೇರಿ ಅದನ್ನು ಬಿಗಿ ಮಾಡುತ್ತವೆ. ಸೌದೆ, ಗ್ಯಾಸ್ ಎರಡೂ ಹೆಚ್ಚು ಬೇಕು, ಹೊತ್ತೂ ಹೆಚ್ಚು ಬೇಕು. ಆ ಹೊತ್ತು ಹೆಂಗಸರದ್ದೇ. ಬೇಳೆಗೆ ಕ್ಯಾನ್ ನೀರು ಬಳಸುವುದನ್ನು ತಪ್ಪೆನ್ನಲು ನಮಗೆ ಬಾಯಿಲ್ಲ. ಬೇಯಿಸಿದ ನೀರನ್ನು ಚೆಲ್ಲದೆ ಸಾರಿಗೇ ಬಳಸಿದರೆ ಕಾಳಿನಿಂದ ಇಳಿದ ಖನಿಜ ಉಳಿಯುತ್ತದೆ ಎಂದಷ್ಟೇ ಹೇಳಬಲ್ಲೆವು. ಮೆದು ನೀರು ಕಾಳು ಸೊಪ್ಪುಗಳಿಂದ ಖನಿಜವನ್ನು ಹೆಚ್ಚು ಎಳೆಯುತ್ತದೆ, ಬಸಿದು ಚೆಲ್ಲಿದರೆ ನಷ್ಟ ದೊಡ್ಡದು. ನಮ್ಮ ಬಸ್ಸಾರು ಮಾಡುವವರಿಗೆ ಇದನ್ನು ಕಲಿಸಬೇಕಿಲ್ಲ.

ಎರಡನೆಯದು ಕಿಡ್ನಿ ಕಲ್ಲು. ಪಾತ್ರೆಗೆ ಬಿಳಿ ಪೊರೆ ಕಟ್ಟಿದ್ದನ್ನು ನೋಡಿ, ಹೊಟ್ಟೆಯೊಳಗೂ ಹೀಗೇ ಕಟ್ಟುತ್ತದೆ ಎಂದು ಜನ ಅಂಜುತ್ತಾರೆ. ಕಲ್ಲಿಗೆ ದೊಡ್ಡ ಕಾರಣ ನೀರು ಕಡಿಮೆ ಕುಡಿಯುವುದು, ಬಿಸಿಲಲ್ಲಿ ದುಡಿದು ಮೂತ್ರ ಗಟ್ಟಿಯಾಗುವುದು. ಮೆಗ್ನೀಷಿಯಂ ಆಕ್ಸಲೇಟಿನ ಜೊತೆ ಸೇರಿ ಹರಳು ಕಟ್ಟುವುದನ್ನು ತಡೆಯುವ ಕಡೆಗೇ ಕೆಲಸ ಮಾಡುತ್ತದೆ. ಪಾತ್ರೆಯ ಪೊರೆಗೂ ಮೂತ್ರಪಿಂಡದ ಕಲ್ಲಿಗೂ ನೇರ ನಂಟು ಕಟ್ಟುವುದು ಕಂಬಿ ಇಟ್ಟು ಕೆಸರು ತೋರಿಸುವವರ ತರ್ಕದಂಥದೇ. ಮೂರನೆಯದು ಮಲೆನಾಡಿನವರದ್ದು: ನಮ್ಮ ಅಬ್ಬಿ ನೀರು ಮೊದಲಿನಿಂದಲೂ ಮೆದು, ನಾವೇನು ಸತ್ತೆವೇ? ಇಲ್ಲ. ಅಬ್ಬಿ ನೀರಿನಲ್ಲಿ ಇಲ್ಲದ್ದು ಹುರುಳಿ, ಕೆಸುವು, ಹತ್ತೆಂಟು ಬಗೆಯ ಸೊಪ್ಪು, ಕುಟ್ಟಿದ ಅಕ್ಕಿಯ ಊಟದಲ್ಲಿ ಬರುತ್ತಿತ್ತು. ಒಂದು ಬಾಗಿಲು ಮುಚ್ಚಿದ್ದರೂ ಇನ್ನೊಂದು ತೆರೆದಿತ್ತು. ಈಗ ಅವರ ಮನೆಗೂ ಪಾಲಿಶ್ ಅಕ್ಕಿಯೇ ಬರುತ್ತಿದೆ.

ಹಾಗಾದರೆ ಘಟಕಕ್ಕೆ ಏನು ಮಾಡಬೇಕು? ಯಂತ್ರ ಕೀಳಬೇಕಿಲ್ಲ, ಪಕ್ಕಕ್ಕೊಂದು ಪೈಪು ಮತ್ತು ವಾಲ್ವ್ ಸಾಕು. ಬೋರಿನ ನೀರಿನಲ್ಲಿ ಫ್ಲೋರೈಡ್ 2.4, ಮೆಗ್ನೀಷಿಯಂ 48 ಎಂದಿಟ್ಟುಕೊಳ್ಳಿ. ಒಂದು ಪಾಲು ಬೋರಿನ ನೀರಿಗೆ ಮೂರು ಪಾಲು ಆರ್‌ಒ ನೀರು ಬೆರೆಸಿದರೆ ಫ್ಲೋರೈಡ್ ಸುಮಾರು 0.7ಕ್ಕೆ ಇಳಿಯುತ್ತದೆ, ಮಾನಕದ 1.0ರ ಒಳಗೇ. ಮೆಗ್ನೀಷಿಯಂ 13ರ ಹತ್ತಿರ ನಿಲ್ಲುತ್ತದೆ, ಕೊಝಿಶೆಕ್ ಹೇಳಿದ 10ರ ಮೇಲೆ. ಆರ್‌ಒಗೆ ಹೋಗುವ ನೀರು ಕಡಿಮೆಯಾದ್ದರಿಂದ ಚರಂಡಿಗೆ ಹರಿಯುವ ತ್ಯಾಜ್ಯ ನೀರೂ ಕರೆಂಟ್ ಬಿಲ್ಲೂ ಇಳಿಯುತ್ತವೆ. ಬೆರೆಸುವ ನೀರನ್ನು ಮರಳು, ಇದ್ದಿಲಿನ ಸೋಸುಗೆ ದಾಟಿಸಿ ರೋಗಾಣು ಕೊಲ್ಲುವ ಯುವಿ ದೀಪದಡಿ ಹಾಯಿಸಲೇಬೇಕು. ಫ್ಲೋರೈಡ್ 4, 5 ಇರುವ ಕಡೆ, ನೈಟ್ರೇಟ್ ಅಥವಾ ಯುರೇನಿಯಂ ಹೆಚ್ಚಿರುವ ಕಡೆ ಈ ಲೆಕ್ಕ ನಡೆಯದು. ಅಂಥ ಊರಿನಲ್ಲಿ ಬೆರೆಸುವ ಮಾತೇ ಬೇಡ, ಆರ್‌ಒ ನೀರೇ ಕುಡಿಯಿರಿ, ಮೆಗ್ನೀಷಿಯಂ ತಟ್ಟೆಯಿಂದ ಬರಲಿ. ಫ್ಲೋರೈಡ್ ಒಂದೇ ತೊಂದರೆಯಾದ ಊರಿಗೆ ಆಕ್ಟಿವೇಟೆಡ್ ಅಲ್ಯುಮಿನಾ ಸೋಸುಗೆ ಇದೆ. ಅದು ಫ್ಲೋರೈಡನ್ನು ಹಿಡಿದು ಮೆಗ್ನೀಷಿಯಮನ್ನು ಬಹುಪಾಲು ಬಿಟ್ಟುಬಿಡುತ್ತದೆ. ಕಾಲಕಾಲಕ್ಕೆ ಅದನ್ನು ತೊಳೆದು ಪುನಶ್ಚೇತನ ಮಾಡಬೇಕು, ಆ ಕೆಲಸ ಮಾಡುವವರಿಲ್ಲದೆ ಎಷ್ಟೋ ಕಡೆ ಮೂಲೆ ಸೇರಿದೆ. ಮಳೆನೀರು ಸಂಗ್ರಹ ಒಳ್ಳೆಯದು, ಆದರೆ ಮಳೆನೀರಿನಲ್ಲೂ ಮೆಗ್ನೀಷಿಯಂ ಇಲ್ಲವೆಂಬುದು ನೆನಪಿರಲಿ.

ಇಷ್ಟರಲ್ಲಿ ಮಾರುಕಟ್ಟೆ ಸುಮ್ಮನೆ ಕೂತಿಲ್ಲ. ಮೊದಲು ಖನಿಜ ತೆಗೆಯುವ ಯಂತ್ರ ಮಾರಿದವರು ಈಗ ಖನಿಜ ಮರಳಿ ಸೇರಿಸುವ ಕಾರ್ಟ್ರಿಜ್ ಮಾರುತ್ತಿದ್ದಾರೆ. ಎಷ್ಟು ಸೇರುತ್ತದೆ, ಎಷ್ಟು ತಿಂಗಳು ಸೇರುತ್ತದೆ ಎಂದು ಕೇಳಿದರೆ ಬ್ರೋಷರ್ ಕೊಡುತ್ತಾರೆ. ಮೊಬೈಲ್ ತೆರೆದರೆ ನಿದ್ದೆಗೆ ಮೆಗ್ನೀಷಿಯಂ, ಕೂದಲಿಗೆ ಮೆಗ್ನೀಷಿಯಂ, ಮನಸ್ಸಿನ ಶಾಂತಿಗೆ ಮೆಗ್ನೀಷಿಯಂ. ನೂರಾರು ರೂಪಾಯಿಯ ಡಬ್ಬಿ. ಕಿಡ್ನಿ ಸರಿಯಿಲ್ಲದವರು ಇಂಥ ಮಾತ್ರೆಯನ್ನು ತಾವಾಗಿ ನುಂಗಬಾರದು. ಹೆಚ್ಚಾದ ಮೆಗ್ನೀಷಿಯಂ ಹೊರಹೋಗುವ ದಾರಿ ಮೂತ್ರಪಿಂಡ, ಅದು ಸೋತಿದ್ದರೆ ರಕ್ತದಲ್ಲಿ ಏರಿ ಹೃದಯಕ್ಕೇ ಕುತ್ತು. ಉಳಿದವರಿಗೂ ಮಾತ್ರೆ ಜಾಸ್ತಿಯಾದರೆ ಭೇದಿ. ವೈದ್ಯರು ಕಾರಣ ನೋಡಿ ಬರೆದರೆ ಆ ಮಾತು ಬೇರೆ. ಡಬ್ಬಿಯ ದುಡ್ಡಿಗೆ ಎಷ್ಟು ಸೇರು ಹುರುಳಿ, ಎಷ್ಟು ಕಟ್ಟು ದಂಟಿನ ಸೊಪ್ಪು, ಎಷ್ಟು ಎಳ್ಳು, ಎಷ್ಟು ಕಡಲೆಕಾಯಿ ಬರುತ್ತದೆಂದು ಸಂತೆಯಲ್ಲಿ ಕೇಳಿ.

ನಿಮ್ಮ ಊರಿನಲ್ಲಿ ಈ ವಾರವೇ ಮಾಡಬಹುದಾದ ಕೆಲಸವೊಂದಿದೆ. ಪಂಚಾಯಿತಿಯಲ್ಲಿ ಬೋರಿನ ನೀರಿನ ಪರೀಕ್ಷಾ ವರದಿ ಇರಬೇಕು. ಇಲ್ಲವೆಂದರೆ ಪಿಡಿಒಗೆ ಅರ್ಜಿ ಕೊಟ್ಟು ಗ್ರಾಮೀಣ ಕುಡಿಯುವ ನೀರು ಇಲಾಖೆಯ ಜಿಲ್ಲಾ ಪ್ರಯೋಗಾಲಯಕ್ಕೆ ಮಾದರಿ ಕಳಿಸಿ. ಬೋರಿನದ್ದು ಒಂದು ಬಾಟಲಿ, ಘಟಕದ ನಲ್ಲಿಯದ್ದು ಇನ್ನೊಂದು. ವರದಿಯಲ್ಲಿ ಮೆಗ್ನೀಷಿಯಂ ಬೇರೆಯಾಗಿ ಬರೆದಿಲ್ಲದಿದ್ದರೂ ಒಟ್ಟು ಗಡಸುತನ ಮತ್ತು ಕ್ಯಾಲ್ಸಿಯಂ ಇದ್ದರೆ ಸಾಕು. ಕ್ಯಾಲ್ಸಿಯಮನ್ನು 2.5ರಿಂದ ಗುಣಿಸಿ, ಅದನ್ನು ಗಡಸುತನದಿಂದ ಕಳೆದು, ಉಳಿದದ್ದನ್ನು 0.243ರಿಂದ ಗುಣಿಸಿ. ಗಡಸುತನ 380, ಕ್ಯಾಲ್ಸಿಯಂ 72 ಆದರೆ: 72ಕ್ಕೆ 180, ಕಳೆದರೆ 200, ಮೆಗ್ನೀಷಿಯಂ 48.6. ಹತ್ತನೇ ತರಗತಿಯ ಮಕ್ಕಳು ಮಾಡುವ ಲೆಕ್ಕ. ಎರಡೂ ಬಾಟಲಿಯ ಫ್ಲೋರೈಡ್, ನೈಟ್ರೇಟ್, ಕ್ಯಾಲ್ಸಿಯಂ, ಮೆಗ್ನೀಷಿಯಂ ಅಂಕಿಗಳನ್ನು ಘಟಕದ ಗೋಡೆ ಮೇಲೆ, ಶಾಸಕರ ಹೆಸರು ಬರೆದಿರುವಷ್ಟೇ ದೊಡ್ಡ ಅಕ್ಷರದಲ್ಲಿ ಬರೆಸಿ. ಬೆರೆಸಬಹುದಾದ ನೀರು ಎಂದು ಪ್ರಯೋಗಾಲಯ ಹೇಳಿದರೆ ವಾಲ್ವ್ ಹಾಕಿಸುವ ಠರಾವನ್ನು ಮುಂದಿನ ಗ್ರಾಮಸಭೆಯಲ್ಲಿ ಮಾಡಿಸಿ. ಅದೇ ಸಭೆಯಲ್ಲಿ ಪಡಿತರದ ರಾಗಿ, ಜೋಳದ ಪಾಲು ಪ್ರತಿ ತಿಂಗಳೂ ತಪ್ಪದೆ ಬರಬೇಕೆಂದು ಇನ್ನೊಂದು ಠರಾವು. ವರದಿ ಸಿಕ್ಕವರು ನಮಗೂ ಒಂದು ಪ್ರತಿ ಕಳಿಸಿ, ಊರಿನ ಹೆಸರಿನೊಂದಿಗೆ ಇಲ್ಲೇ ಹಾಕುತ್ತೇವೆ.